ಒಂದು ಗೆರೆ, ಮೂರು ಕೆಲಸ

ಮಾಧ್ಯಮಿಕ ಶಾಲೆಯ ಗಣಿತದಲ್ಲಿ ಒಂದು ವಾರ ಬರುತ್ತದೆ. ಅದಕ್ಕೂ ಮೊದಲು ‘ಯಾಕೆ ಹೀಗೆ?’ ಎಂದು ಕೇಳುತ್ತಿದ್ದ ಮಗು ಆ ವಾರ ಮುಗಿದ ಮೇಲೆ ‘ಈಗ ಏನ್ ಮಾಡ್ಬೇಕು, ಅಷ್ಟು ಹೇಳಿ’ ಎನ್ನತೊಡಗುತ್ತದೆ. ಏಳನೇ ತರಗತಿಯಲ್ಲಿ ಋಣಸಂಖ್ಯೆಗಳ ಗುಣಾಕಾರ ಕಲಿಸುವ ವಾರ ಅದು. ಬೋರ್ಡಿನ ಮೇಲೆ ನಾಲ್ಕು ಸಾಲು ಬೀಳುತ್ತವೆ. ಪ್ಲಸ್ ಇಂಟು ಪ್ಲಸ್ ಪ್ಲಸ್, ಪ್ಲಸ್ ಇಂಟು ಮೈನಸ್ ಮೈನಸ್, ಮೈನಸ್ ಇಂಟು ಪ್ಲಸ್ ಮೈನಸ್, ಮೈನಸ್ ಇಂಟು ಮೈನಸ್ ಪ್ಲಸ್. ಸುತ್ತ ಒಂದು ಚೌಕ. ಬಾಯಿಪಾಠ ಮಾಡಿ, ಪರೀಕ್ಷೆಗೆ ಬರುತ್ತೆ.

ಈ ನಾಲ್ಕು ಸಾಲು ತಪ್ಪಲ್ಲ. ಆದರೆ ಅವು ಬರುವ ಹೊತ್ತು ತಪ್ಪು, ಬರುವ ರೀತಿ ತಪ್ಪು. ಋಣಸಂಖ್ಯೆಯ ಕಷ್ಟ ಅರ್ಧ ಗಣಿತದ್ದು, ಇನ್ನರ್ಧ ಭಾಷೆಯದ್ದು ಎಂಬುದು ನನ್ನ ಅಭಿಪ್ರಾಯ. ಭಾಷೆಯ ಅರ್ಧವನ್ನು ಬಿಡಿಸಲು ಕನ್ನಡದಲ್ಲಿ ಒಳ್ಳೆಯ ಸಲಕರಣೆಗಳಿವೆ. ನಾವು ಅವನ್ನು ಅಟ್ಟದ ಮೇಲಿಟ್ಟು ಮರೆತಿದ್ದೇವೆ.

ಇದು ಯಾಕೆ ಮುಖ್ಯ? ಐದನೇ ತರಗತಿಯವರೆಗಿನ ಗಣಿತವನ್ನೆಲ್ಲ ಕೈಯಲ್ಲಿ ಹಿಡಿದು ನೋಡಬಹುದು. ಕೂಡುವುದು, ಕಳೆಯುವುದು ಹುಣಸೆ ಬೀಜದಲ್ಲಿ ಸಿಗುತ್ತದೆ. ಭಿನ್ನರಾಶಿ ರೊಟ್ಟಿಯ ತುಂಡಿನಲ್ಲಿ ಸಿಗುತ್ತದೆ. ಮೇಷ್ಟ್ರು ಹೇಳಿದ್ದು ಸರಿಯೇ ಎಂದು ಮಗು ತಾನೇ ಪರೀಕ್ಷಿಸಬಹುದು. ಮೈನಸ್ ಮೂರು ಹುಣಸೆ ಬೀಜವನ್ನು ಯಾರೂ ತಂದು ಕೊಡಲಾರರು. ಇಲ್ಲಿ ಮಗು ಮೊದಲ ಸಲ ಕೈಯನ್ನು ಬಿಟ್ಟು ತರ್ಕವನ್ನು ನಂಬಬೇಕು. ಆ ಹೊತ್ತಿಗೆ ನಾವು ತರ್ಕ ಕೊಡದೆ ಆಜ್ಞೆ ಕೊಟ್ಟರೆ, ‘ಗಣಿತ ಎಂದರೆ ಹೇಳಿದ ಹಾಗೆ ಕೇಳುವುದು’ ಎಂಬ ಪಾಠವನ್ನು ಅದು ಕಲಿಯುತ್ತದೆ. ಮುಂದೆ ಬರುವುದು ಬೀಜಗಣಿತ. ಅಲ್ಲಿ ಹೆಜ್ಜೆಹೆಜ್ಜೆಗೂ ಒಂದು ಮೈನಸ್ ಕಾದು ಕುಳಿತಿರುತ್ತದೆ.

ದೊಡ್ಡವರೂ ಇಲ್ಲಿ ಸುಲಭವಾಗಿ ದಾಟಿದವರಲ್ಲ. ಬ್ರಹ್ಮಗುಪ್ತ 628ರಲ್ಲಿ ಬ್ರಾಹ್ಮಸ್ಫುಟಸಿದ್ಧಾಂತ ಬರೆದಾಗ ಧನ, ಋಣ, ಶೂನ್ಯ ಮೂರನ್ನೂ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದ. ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬುದೂ ಅದರಲ್ಲಿತ್ತು. ಐದು ಶತಮಾನಗಳ ನಂತರ, 1150ರ ಹೊತ್ತಿಗೆ, ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಮಂಗಗಳ ಒಂದು ಲೆಕ್ಕ ಬರುತ್ತದೆ. (ಅವನ ಊರು ನಮ್ಮ ವಿಜಯಪುರವೋ ಖಾನದೇಶದ ಪಾಟಣವೋ ಎಂಬ ಜಗಳ ಪುಣೆಯಲ್ಲಿರುವ ನನ್ನಂಥವರಿಗೆ ಒಳ್ಳೆಯ ಕಾಲಕ್ಷೇಪ. ಅದನ್ನು ಇನ್ನೊಂದು ದಿನಕ್ಕಿಡೋಣ.) ಲೆಕ್ಕದ ಸಾರ ಇಷ್ಟು: ಮಂಗಗಳ ಗುಂಪಿನ ಐದನೇ ಒಂದು ಭಾಗದಿಂದ ಮೂರು ಕಳೆದು, ಬಂದದ್ದನ್ನು ವರ್ಗ ಮಾಡಿದಷ್ಟು ಮಂಗಗಳು ಗುಹೆಗೆ ಹೋದವು, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ, ಒಟ್ಟು ಎಷ್ಟು? ಉತ್ತರ ಎರಡು ಬರುತ್ತವೆ, 50 ಮತ್ತು 5. ಐವತ್ತು ಸರಿಹೋಗುತ್ತದೆ. ಐದನ್ನು ಹಾಕಿ ನೋಡಿ: ಐದನೇ ಒಂದು ಭಾಗ 1, ಅದರಿಂದ ಮೂರು ಕಳೆದರೆ −2. ಅದರ ವರ್ಗ 4, ಕೊಂಬೆಯ ಮೇಲಿನದು 1, ಒಟ್ಟು 5. ಲೆಕ್ಕ ಕೂಡಿಬಂತು. ಆದರೂ ಭಾಸ್ಕರ ಇದನ್ನು ಕೈಬಿಡುತ್ತಾನೆ. ನಡುವೆ ಬರುವ ಋಣ ಮಂಗಗಳನ್ನು ಜನ ಒಪ್ಪುವುದಿಲ್ಲ ಎಂಬುದು ಅವನ ಕಾರಣ. ಅಷ್ಟು ದೊಡ್ಡ ಗಣಿತಜ್ಞ ಓದುವವರ ಮುಖ ನೋಡಿ ಮಾತಾಡಿದ್ದಾನೆ.

ಯುರೋಪಿನ ಕತೆ ಇನ್ನೂ ಉದ್ದ. ಹದಿನೇಳನೇ ಶತಮಾನದ ಪಾಸ್ಕಲ್, ಸೊನ್ನೆಯಿಂದ ನಾಲ್ಕು ಕಳೆದರೆ ಸೊನ್ನೆಯೇ ಉಳಿಯುತ್ತದೆಂಬುದು ಅರ್ಥವಾಗದ ಜನರೂ ಇದ್ದಾರೆಂದು ಬರೆದ. ಬ್ರಹ್ಮಗುಪ್ತನಾಗಿ 1130 ವರ್ಷ ಕಳೆದ ಮೇಲೆ, 1758ರಲ್ಲಿ, ಫ್ರಾನ್ಸಿಸ್ ಮಸೇರೆಸ್ ಎಂಬ ಇಂಗ್ಲೆಂಡಿನ ವಿದ್ವಾಂಸ ಬೀಜಗಣಿತದಿಂದ ಋಣಸಂಖ್ಯೆಗಳನ್ನು ಹೊರಹಾಕಬೇಕೆಂದು ಪುಸ್ತಕವನ್ನೇ ಪ್ರಕಟಿಸಿದ. ಫ್ರೆಂಚ್ ಕಾದಂಬರಿಕಾರ ಸ್ತೆಂದಾಲ್ ತನ್ನ ಆತ್ಮಕತೆಯಲ್ಲಿ ಹುಡುಗನಾಗಿದ್ದಾಗಿನ ಒಂದು ಸಂಕಟ ಹೇಳಿಕೊಂಡಿದ್ದಾನೆ. ಸಾಲವನ್ನು ಸಾಲದಿಂದ ಗುಣಿಸಿದರೆ ಆಸ್ತಿ ಹೇಗಾಗುತ್ತದೆ ಎಂದು ಅವನು ಕೇಳಿದ, ಸಮಾಧಾನವಾಗುವಂಥ ಉತ್ತರವನ್ನು ಯಾರೂ ಕೊಡಲಿಲ್ಲ. ಹುಡುಗನ ಪ್ರಶ್ನೆ ದಡ್ಡತನದ್ದಲ್ಲ. ಅದಕ್ಕೆ ಉತ್ತರ ಇದೆ, ಕೊನೆಗೆ ಬರುತ್ತೇನೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಇತಿಹಾಸವನ್ನು ಹನ್ನೆರಡು ವರ್ಷದ ಮಕ್ಕಳಿಗೆ ಹೇಳಬೇಕು. ‘ಇಷ್ಟು ಸುಲಭದ್ದು ನಿನಗೆ ಬರಲ್ವಾ?’ ಎನ್ನುವುದಕ್ಕಿಂತ ‘ಇದು ನಿಜವಾಗಿಯೂ ವಿಚಿತ್ರ, ದೊಡ್ಡದೊಡ್ಡವರು ಜಗಳ ಆಡಿದ್ದಾರೆ, ಬಾ ನೋಡೋಣ’ ಎನ್ನುವುದು ಸತ್ಯಕ್ಕೂ ಹತ್ತಿರ, ಮಗುವಿಗೂ ಹತ್ತಿರ.

ಈಗ ಭಾಷೆಯ ವಿಷಯ. ಮೈನಸ್ ಎಂಬ ಸಣ್ಣ ಗೆರೆ ಮೂರು ಬೇರೆಬೇರೆ ಕೆಲಸ ಮಾಡುತ್ತದೆ. 8 − 3 ಎಂಬಲ್ಲಿ ಅದು ಕ್ರಿಯಾಪದ: ಕಳೆ. ತಾಪಮಾನ −3 ಎಂಬಲ್ಲಿ ಅದು ವಿಶೇಷಣ: ಈ ಮೂರು ಸೊನ್ನೆಯ ಆಚೆ ಬದಿಯದ್ದು. −(−3) ಎಂಬಲ್ಲಿ ಹೊರಗಿನ ಗೆರೆ ಒಂದು ಸೂಚನೆ: ಸೊನ್ನೆಯ ಎದುರು ಬದಿಗೆ ತಿರುಗಿಸು. ಮೂರಕ್ಕೂ ಒಂದೇ ಚಿಹ್ನೆ, ತರಗತಿಯಲ್ಲಿ ಮೂರಕ್ಕೂ ಒಂದೇ ಹೆಸರು, ‘ಮೈನಸ್’. ಗಣಿತ ಬಲ್ಲವರಿಗೆ ಇದರಿಂದ ಅನುಕೂಲವೇ, ಮೂರೂ ಕೊನೆಗೆ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹೊಸದಾಗಿ ಕಲಿಯುವವರಿಗೆ ಮಾತ್ರ ಒಂದೇ ಮನೆಯಲ್ಲಿ ಮೂವರಿಗೆ ಒಂದೇ ಹೆಸರಿಟ್ಟ ಹಾಗೆ. ಕರೆದರೆ ಯಾರು ಓಡಿ ಬರುತ್ತಾರೋ ಗೊತ್ತಿಲ್ಲ.

ಕನ್ನಡದ ಕಿವಿಗೆ ‘ಇಲ್ಲ’ಗಳನ್ನು ಬೇರೆ ಮಾಡುವ ಅಭ್ಯಾಸ ಮೊದಲೇ ಇದೆ. ಮನೆಯಲ್ಲಿ ಸಕ್ಕರೆ ಇಲ್ಲ. ಇದು ಸಕ್ಕರೆ ಅಲ್ಲ. ನನಗೆ ಸಕ್ಕರೆ ಬೇಡ. ಹಿಂದಿಯಲ್ಲಿ ಈ ಮೂರು ಕಡೆಯೂ ‘ನಹೀ’ಯ ಮೇಲೆಯೇ ಸಂಸಾರ ನಡೆಯುತ್ತದೆ, ದೆಹಲಿಯಲ್ಲಿರುವವರು ನಿತ್ಯ ಕೇಳಿರುತ್ತೀರಿ. ನಮ್ಮಲ್ಲಿ ಮೂರು ವರ್ಷದ ಮಗು ಕೂಡ ‘ಅಲ್ಲ’ ಎನ್ನಬೇಕಾದಲ್ಲಿ ‘ಬೇಡ’ ಎನ್ನುವುದಿಲ್ಲ. ಇದರಿಂದ ಕನ್ನಡದ ಮಕ್ಕಳು ಗಣಿತದಲ್ಲಿ ಮುಂದೆ ಎಂದು ನಾನು ಹೇಳುತ್ತಿಲ್ಲ. ‘ಬೇರೆ ಕೆಲಸಕ್ಕೆ ಬೇರೆ ಮಾತು’ ಎಂಬ ತತ್ತ್ವ ಅವರಿಗೆ ಹೊಸದಲ್ಲ, ಅದನ್ನು ಪಾಠಕ್ಕೆ ಬಳಸಿಕೊಳ್ಳಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ನನ್ನ ಮೊದಲ ಸಲಹೆ ಇದು. ಮೊದಲ ಒಂದು ತಿಂಗಳು ತರಗತಿಯಲ್ಲಾಗಲಿ ಮನೆಯಲ್ಲಾಗಲಿ ‘ಮೈನಸ್’ ಎಂಬ ಮಾತನ್ನೇ ಆಡದಿರಿ. ಮೂರು ಮಾತು ಇಟ್ಟುಕೊಳ್ಳಿ: ಕಳೆ, ಋಣ, ತಿರುಗಿಸು. 5 − (−3) ಎಂಬುದನ್ನು ‘ಐದರಿಂದ ಋಣ ಮೂರನ್ನು ಕಳೆ’ ಎಂದು ಓದಿ. ವಿಭಕ್ತಿ ಪ್ರತ್ಯಯ ಎಷ್ಟು ಕೆಲಸ ಮಾಡಿತು ನೋಡಿ. ‘ಇಂದ’ ಎಂಬುದು ಎಲ್ಲಿಂದ ಕಳೆಯಬೇಕು ಎನ್ನುತ್ತದೆ, ‘ಅನ್ನು’ ಏನನ್ನು ಕಳೆಯಬೇಕು ಎನ್ನುತ್ತದೆ. ‘ಫೈವ್ ಮೈನಸ್ ಮೈನಸ್ ತ್ರೀ’ ಎಂದು ಓದಿದಾಗ ಈ ಎರಡು ಸುಳಿವೂ ಕಳೆದುಹೋಗುತ್ತವೆ.

ಹೀಗೆ ಓದಿದ ಮೇಲೆ ಕೈಗೂ ಕೆಲಸ ಕೊಡಬಹುದು. ನಿಮ್ಮ ಹತ್ತಿರ ಐದು ರೂಪಾಯಿ ಇದೆ, ಸಾಲ ಇಲ್ಲ. ಅದರಿಂದ ಮೂರು ರೂಪಾಯಿಯ ಸಾಲದ ಚೀಟಿಯನ್ನು ಕಳೆಯುವುದು ಹೇಗೆ, ಚೀಟಿಯೇ ಇಲ್ಲವಲ್ಲ? ಮೂರು ರೂಪಾಯಿ ಕೈಸಾಲ ಪಡೆಯಿರಿ. ಈಗ ಕೈಯಲ್ಲಿ ಎಂಟು ರೂಪಾಯಿ, ಜೊತೆಗೆ ಮೂರು ರೂಪಾಯಿಯ ಚೀಟಿ. ಒಟ್ಟು ಬೆಲೆ ಐದೇ, ಏನೂ ಬದಲಾಗಿಲ್ಲ. ಈಗ ಚೀಟಿ ಹರಿದು ಹಾಕಿ. ಉಳಿದದ್ದು ಎಂಟು. ಎನ್‌ಸಿಇಆರ್‌ಟಿ 2024ರಲ್ಲಿ ತಂದ ಆರನೇ ತರಗತಿಯ ‘ಗಣಿತ ಪ್ರಕಾಶ’ ಪುಸ್ತಕದಲ್ಲಿ ಲಿಫ್ಟಿನ ಆಟ, ಧನ ಮತ್ತು ಋಣ ಬಿಲ್ಲೆಗಳ ಆಟ ಎರಡೂ ಇವೆ. ಒಳ್ಳೆಯ ಪಾಠ ಅದು. ಆದರೆ ಪುಸ್ತಕದಲ್ಲಿರುವ ಆಟವನ್ನು ಬಿಟ್ಟು ನೇರ ಅಭ್ಯಾಸದ ಲೆಕ್ಕಗಳಿಗೆ ಹಾರುವುದು ನಮ್ಮ ಹಳೆಯ ಚಾಳಿ.

ಉದಾಹರಣೆಗಳನ್ನು ಆರಿಸುವಾಗಲೂ ಎಚ್ಚರ ಬೇಕು. ಲಿಫ್ಟ್ ಒಳ್ಳೆಯದು. ನಮ್ಮಲ್ಲಿ ನೆಲಮಹಡಿಯನ್ನು ಒಂದು ಎಂದು ಎಣಿಸುವುದಿಲ್ಲವಾದ್ದರಿಂದ ಸೊನ್ನೆ ಅದರ ಜಾಗದಲ್ಲೇ ಇದೆ. ಮೂರನೇ ಮಹಡಿಯಿಂದ ಎರಡನೇ ಬೇಸ್‌ಮೆಂಟಿಗೆ ಐದು ಹಂತ, ಎಣಿಸಿ ನೋಡಬಹುದು. ಫ್ರಿಜ್ಜಿನ ಫ್ರೀಜರ್ −18 ಎನ್ನುತ್ತದೆ, ಅದೂ ಒಳ್ಳೆಯದು. ಆದರೆ ಕ್ರಿಸ್ತಪೂರ್ವ, ಕ್ರಿಸ್ತಶಕಗಳನ್ನು ಸಂಖ್ಯಾರೇಖೆಯೆಂದು ತೋರಿಸುವುದು ಮೋಸ. ಆ ಎಣಿಕೆಯಲ್ಲಿ ಸೊನ್ನೆಯ ವರ್ಷವೇ ಇಲ್ಲ. ಕ್ರಿ.ಪೂ. 1 ಮುಗಿದ ಕೂಡಲೇ ಕ್ರಿ.ಶ. 1 ಶುರು. ಲೆಕ್ಕ ಒಂದು ವರ್ಷ ಹೆಚ್ಚು ಬರುತ್ತದೆ, ಚುರುಕು ಮಗು ಸರಿಯಾಗಿಯೇ ಗೊಂದಲಕ್ಕೆ ಬೀಳುತ್ತದೆ.

‘ದೊಡ್ಡದು’ ಎಂಬ ಮಾತೂ ಹಾಗೆಯೇ. −7 ದೊಡ್ಡದೋ −3 ದೊಡ್ಡದೋ ಎಂದು ಕೇಳಿದರೆ ಮಗು −7 ಎನ್ನುತ್ತದೆ. ತಪ್ಪೇನು? ಏಳು ರೂಪಾಯಿಯ ಸಾಲ ದೊಡ್ಡ ಸಾಲವೇ. ಪ್ರಶ್ನೆಯನ್ನು ಬದಲಿಸಿ. ದ್ರಾಸ್‌ನಲ್ಲಿ −20, ಶ್ರೀನಗರದಲ್ಲಿ −5 ಎಂದು ಟಿವಿಯಲ್ಲಿ ಬಂದರೆ ಚಳಿ ಎಲ್ಲಿ ಹೆಚ್ಚು, ಉಷ್ಣತೆ ಎಲ್ಲಿ ಹೆಚ್ಚು? ಎರಡಕ್ಕೂ ಬೇರೆ ಉತ್ತರ, ಎರಡೂ ಸರಿ. ಗಣಿತದ ‘ಹೆಚ್ಚು’ ಎರಡನೆಯ ಪ್ರಶ್ನೆಯದ್ದು ಎಂದು ಆಮೇಲೆ ಹೇಳಿದರೆ ಅದು ಒಪ್ಪಂದವಾಗಿ ಮನಸ್ಸಿನಲ್ಲಿ ಕೂರುತ್ತದೆ.

ಇನ್ನು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ನನ್ನ ಹೊಟ್ಟೆಪಾಡು ಅನುವಾದ. ಭಾನುವಾರ ಸಂಜೆ ನಮ್ಮ ಸೊಸೈಟಿಯ ಕನ್ನಡ ಮನೆಗಳ ಮಕ್ಕಳಿಗೆ ಓದು ಬರಹ ಹೇಳಿಕೊಡುತ್ತೇನೆ. ಕನ್ನಡದ ನೋಟ್‌ಬುಕ್ಕಿನ ಹಿಂದೆ ಗಣಿತದ ನೋಟ್‌ಬುಕ್ಕೂ ಬರುತ್ತದೆ. ಅದರಲ್ಲಿ ಒಂದು ದಿನ −3 − 5 = 8 ಎಂದಿತ್ತು. ‘ಮೈನಸ್ ಮೈನಸ್ ಪ್ಲಸ್ ಅಲ್ವಾ ಆಂಟಿ?’ ಎಂದಳು ಹುಡುಗಿ. ಮಂತ್ರ ಕಲಿತಿದ್ದಾಳೆ, ಅದು ಯಾವ ದೇವರದ್ದು ಎಂದು ಯಾರೂ ಹೇಳಿಲ್ಲ. ಗುಣಾಕಾರದ ನಿಯಮ ಹಿಂದಕ್ಕೆ ಹೋಗಿ ಅವಳಿಗೆ ಮೊದಲೇ ಬರುತ್ತಿದ್ದ ಸಂಕಲನವನ್ನೂ ಕೆಡಿಸಿತ್ತು. ಮೂರು ರೂಪಾಯಿ ಸಾಲ ಇದ್ದವನು ಇನ್ನೂ ಐದು ಖರ್ಚು ಮಾಡಿ ಎಂಟು ರೂಪಾಯಿಯ ಯಜಮಾನನಾಗುವುದು ಅವಳಿಗೂ ನಗು ತರಿಸುವ ಮಾತೇ. ಲೆಕ್ಕ ಬರೆಯುವಾಗ ಮಾತ್ರ ಅವಳು ಆ ನಗುವನ್ನು ಶಾಲೆಯ ಬಾಗಿಲ ಹೊರಗೆ ಬಿಟ್ಟಿದ್ದಳು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ‘ಹಾಲೂ ಇಲ್ಲ, ಸಕ್ಕರೆಯೂ ಇಲ್ಲ.’ ಎರಡು ‘ಇಲ್ಲ’ ಸೇರಿದವು. ಚಹಾ ಆಯಿತೇ? ಇಲ್ಲ, ಕೊರತೆ ಹೆಚ್ಚಿತು. ‘ಹಾಲು ಇಲ್ಲದೇ ಇಲ್ಲ.’ ಇಲ್ಲೂ ಎರಡು ‘ಇಲ್ಲ’. ಆದರೆ ಒಂದು ಇನ್ನೊಂದರ ಪಕ್ಕದಲ್ಲಿಲ್ಲ, ಅದರ ಮೇಲೆ ಕೂತಿದೆ. ಹಾಗಾಗಿ ಹಾಲು ಇದೆ. ಪಕ್ಕಪಕ್ಕ ನಿಂತ ಎರಡು ಋಣ ಕೂಡುತ್ತವೆ, ಒಂದರ ಮೇಲೊಂದು ಕೆಲಸ ಮಾಡಿದ ಎರಡು ಋಣ ತಿರುಗುತ್ತವೆ. ಎರಡು ಮೈನಸ್ ಕಂಡಾಗ ಮಗು ಕೇಳಬೇಕಾದ ಪ್ರಶ್ನೆ ಒಂದೇ: ಪಕ್ಕದಲ್ಲಿವೆಯೋ, ಮೇಲಿವೆಯೋ?

ಭಾಷಾಶಾಸ್ತ್ರ ಓದಿದವಳಾಗಿ ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ‘ಇಲ್ಲದೇ ಇಲ್ಲ’ ಎಂಬುದು ನೆನಪಿಗೆ ಒಳ್ಳೆಯದು, ಸಾಧನೆಗೆ ಸಾಲದು. ಎರಡು ನಿಷೇಧ ಸೇರಿದರೂ ನಿಷೇಧವಾಗಿಯೇ ಉಳಿಯುವ ಭಾಷೆಗಳಿವೆ. ರಷ್ಯನ್, ಸ್ಪ್ಯಾನಿಷ್‌ಗಳಲ್ಲಿ ಅದೇ ವ್ಯಾಕರಣ. ಅಲ್ಲಿನ ಮಕ್ಕಳಿಗೂ ಗುಣಾಕಾರದ ಉತ್ತರ ಧನವೇ ಬರುತ್ತದೆ. ‘ಶತ್ರುವಿನ ಶತ್ರು ಮಿತ್ರ’ ಎಂಬ ಜನಪ್ರಿಯ ವಿವರಣೆಯೂ ಇದೇ ಜಾತಿಯದ್ದು. ನಿಯಮವನ್ನು ನೆನಪಿಡಲು ಸಹಾಯ ಮಾಡುತ್ತದೆ, ನಿಯಮ ಯಾಕೆ ಹಾಗೆ ಎಂಬುದನ್ನು ಹೇಳುವುದಿಲ್ಲ.

ಹಾಗಾದರೆ ಯಾಕೆ? ಮೊದಲು ಸ್ತೆಂದಾಲ್‌ನ ಪ್ರಶ್ನೆ. ಸಾಲವನ್ನು ಸಾಲದಿಂದ ಗುಣಿಸುವುದು ಅರ್ಥಹೀನ, ನಿಜ. ರೂಪಾಯಿಯನ್ನು ರೂಪಾಯಿಯಿಂದ ಗುಣಿಸುವುದೂ ಅಷ್ಟೇ ಅರ್ಥಹೀನ. ಈ ಬಗೆಯ ಗುಣಾಕಾರದಲ್ಲಿ ಒಂದು ಸಂಖ್ಯೆ ವಸ್ತು, ಇನ್ನೊಂದು ‘ಎಷ್ಟು ಸಲ’ ಎಂಬುದು. 3 × (−500) ಎಂದರೆ ಐನೂರರ ಸಾಲ ಮೂರು ಸಲ ತಲೆಗೆ ಬಂತು, −1500. (−3) × (−500) ಎಂದರೆ ಐನೂರರ ಸಾಲ ಮೂರು ಸಲ ತಲೆಯಿಂದ ಇಳಿಯಿತು. ಇದಕ್ಕೆ ಕರ್ನಾಟಕದ ಯಾವ ಹಳ್ಳಿಯಲ್ಲೂ ವಿವರಣೆ ಬೇಡದ ಒಂದು ಹೆಸರಿದೆ: ಸಾಲ ಮನ್ನಾ. ಮೂರು ಸಾಲ ಮನ್ನಾ ಆದ ರೈತ ನಿನ್ನೆಗಿಂತ ಇವತ್ತು ಒಂದೂವರೆ ಸಾವಿರ ಮೇಲಿದ್ದಾನೆ. ಸ್ತೆಂದಾಲ್‌ಗೆ ಯಾರಾದರೂ ಎರಡನೆಯ ಸಾಲವನ್ನು ‘ಸಲ’ ಎಂದು ಓದಿಸಿದ್ದರೆ ಸಾಕಿತ್ತು.

ಇದು ಕತೆ. ಕಾರಣ ಬೇಕೆನ್ನುವ ಮಗುವಿಗೆ ರಂಗೋಲಿ ಇದೆ. ಹತ್ತು ಸಾಲು, ಸಾಲಿಗೆ ಹತ್ತು ಚುಕ್ಕಿ ಇಡಿ, ಒಟ್ಟು ನೂರು. ಮೇಲಿನ ಎರಡು ಅಡ್ಡಸಾಲನ್ನು, ಬಲಗಡೆಯ ಮೂರು ಉದ್ದಸಾಲನ್ನು ಅಳಿಸಬೇಕು. ಉಳಿಯುವುದು ಎಂಟು ಸಾಲು, ಸಾಲಿಗೆ ಏಳು ಚುಕ್ಕಿ, 56. ಇದು ಮಗ್ಗಿಯಲ್ಲೇ ಇದೆ, ಅನುಮಾನವಿಲ್ಲ. ಈಗ ಲೆಕ್ಕ ಹಾಕಿ. ಎರಡು ಅಡ್ಡಸಾಲಿನಲ್ಲಿ 20, ಮೂರು ಉದ್ದಸಾಲಿನಲ್ಲಿ 30. ನೂರರಿಂದ ಎರಡನ್ನೂ ಕಳೆದರೆ 50. ಆರು ಚುಕ್ಕಿ ಎಲ್ಲಿ ಹೋಯಿತು? ಮೂಲೆಯನ್ನು ನೋಡಿ. ಅಲ್ಲಿನ ಎರಡು ಸಾಲು ಮೂರು ಚುಕ್ಕಿಗಳು ಅಡ್ಡಸಾಲಿಗೂ ಸೇರಿವೆ, ಉದ್ದಸಾಲಿಗೂ ಸೇರಿವೆ. ಎರಡು ಸಲ ಕಳೆದಿದ್ದೇವೆ, ಒಂದು ಸಲ ವಾಪಸ್ ಕೊಡಬೇಕು. 100 − 20 − 30 + 6 = 56. ಅಂದರೆ (10 − 2) × (10 − 3) ಬಿಡಿಸುವಾಗ ‘ಕಳೆಯುವ ಎರಡು’ ಮತ್ತು ‘ಕಳೆಯುವ ಮೂರು’ ಸೇರಿದ ಜಾಗದಲ್ಲಿ ಕೂಡುವ ಆರು ಬರಲೇಬೇಕು. ಯಾರ ಆಜ್ಞೆಯೂ ಬೇಡ, ಚುಕ್ಕಿಗಳೇ ಹೇಳುತ್ತಿವೆ.

ಇಲ್ಲಿಂದ ಒಂದೇ ಹೆಜ್ಜೆ ಬಾಕಿ. ಹತ್ತರ ಜಾಗದಲ್ಲಿ ಸೊನ್ನೆ ಇಟ್ಟರೆ? (0 − 2) × (0 − 3). ಈಗ ಚುಕ್ಕಿಗಳಿಲ್ಲ, ಬರೀ −2 ಮತ್ತು −3. ಚುಕ್ಕಿಗಳ ಲೋಕದಲ್ಲಿ ನಡೆಯುತ್ತಿದ್ದ ಕಾನೂನು ಇಲ್ಲೂ ನಡೆಯಲಿ ಎಂದು ನಾವು ಬಯಸಿದರೆ, 0 − 0 − 0 + 6, ಉತ್ತರ 6 ಆಗಲೇಬೇಕು. ಈ ‘ಬಯಸಿದರೆ’ ಎಂಬುದನ್ನು ಮಕ್ಕಳಿಂದ ಮುಚ್ಚಿಡಬಾರದು. ಬಸ್ ಎಂಬ ಪದ ಕನ್ನಡಕ್ಕೆ ಬಂದಾಗ ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ ಎಂದಾಯಿತು. ಪದ ಹೊರಗಿನದು, ವ್ಯಾಕರಣ ನಮ್ಮದು. ಹೊಸಬರು ಬಂದರು ಎಂದು ಪ್ರತ್ಯಯ ಬದಲಿಸಲಿಲ್ಲ. ಋಣಸಂಖ್ಯೆಗಳೂ ಸಂಖ್ಯೆಗಳ ಊರಿಗೆ ತಡವಾಗಿ ಬಂದವು, ಹಳೆಯ ಸಂಖ್ಯೆಗಳ ವ್ಯಾಕರಣವನ್ನೇ ಪಾಲಿಸುತ್ತವೆ. ಋಣ ಋಣ ಗುಣಿಸಿದರೆ ಧನ ಎಂಬುದು ಆ ವ್ಯಾಕರಣದ ಬೆಲೆ. ಪರವೂರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಆಕ್ಷೇಪಗಳು ನನಗೆ ಗೊತ್ತು. ನಲವತ್ತು ನಿಮಿಷದ ಪೀರಿಯಡ್, ಐವತ್ತು ಮಕ್ಕಳು, ಮುಗಿಸಬೇಕಾದ ಪೋರ್ಷನ್. ರಂಗೋಲಿ ಬಿಡಿಸುತ್ತಾ ಕೂತರೆ ಆಯಿತೇ? ಶಿಕ್ಷಕರ ಈ ಕಷ್ಟ ನಿಜ, ಅವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ ರಂಗೋಲಿಗೆ ಒಂದು ಪೀರಿಯಡ್ ಸಾಕು. ಅದನ್ನು ಉಳಿಸಿದ ಶಾಲೆ, −3 − 5 = 8 ಎಂಬುದನ್ನು ಎಂಟನೇ ತರಗತಿಯಲ್ಲೂ ಒಂಬತ್ತರಲ್ಲೂ ತಿದ್ದುತ್ತಾ ಎಷ್ಟು ಪೀರಿಯಡ್ ಕಳೆಯುತ್ತದೆ? ಆ ಲೆಕ್ಕವನ್ನೂ ಹಾಕಬೇಕು. ನಾಲ್ಕು ಸಾಲಿನ ಚೌಕ ಬೇಡವೆಂದು ನಾನು ಹೇಳುತ್ತಿಲ್ಲ. ಅರ್ಥವಾದ ಮೇಲೆ ಬರೆದುಕೊಂಡರೆ ಅದು ಸಾರಾಂಶ, ಮೊದಲೇ ಬರೆಸಿದರೆ ಬೀಗ.

‘ಋಣ’ ಎಂಬುದು ಮಕ್ಕಳಿಗೆ ‘ನೆಗೆಟಿವ್’ನಷ್ಟೇ ದೂರದ ಪದವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ನನಗೆ ಹಾಗನ್ನಿಸುವುದಿಲ್ಲ. ಅನ್ನದ ಋಣ, ತಾಯಿಯ ಋಣ, ಋಣ ತೀರಿತು ಎಂದೆಲ್ಲ ಮನೆಯಲ್ಲಿ ಕೇಳಿಯೇ ಬೆಳೆದಿರುತ್ತಾರೆ. ತೀರಿಸಬೇಕಾದದ್ದು, ಅಳಿಯದೆ ಲೆಕ್ಕದಲ್ಲಿ ಉಳಿಯುವಂಥದ್ದು ಎಂಬ ಅರ್ಥ ಅದರಲ್ಲಿದೆ. ‘ನೆಗೆಟಿವ್’ ಎಂದರೆ ಇಲ್ಲದ್ದು, ಕೆಟ್ಟದ್ದು ಎಂಬ ಛಾಯೆ ಬಂದಿದೆ. −3 ಎಂಬುದು ಇಲ್ಲದ ಸಂಖ್ಯೆಯಲ್ಲ, ಇರುವ ಸಂಖ್ಯೆ. ಸಾಲ ಇದ್ದವನಿಗೆ ಸಾಲ ಇದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ.

ಕೊನೆಯದಾಗಿ, ಹೊರನಾಡಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಮಕ್ಕಳು ಇಂಗ್ಲಿಷ್ ಮೀಡಿಯಂ, ನಾವು ಓದಿದ್ದು ಕನ್ನಡದಲ್ಲಿ, ಈಗಿನ ಗಣಿತ ಹೇಳಿಕೊಡಲು ನಮಗೆ ಬರುವುದಿಲ್ಲ ಎಂದು ಟ್ಯೂಷನ್ನಿಗೆ ಕಳಿಸುವವರನ್ನು ತುಂಬ ನೋಡಿದ್ದೇನೆ. ಮನೆಯಲ್ಲಿ ಕನ್ನಡ ಬರೀ ಊಟ, ಬೈಗುಳ, ಅಜ್ಜಿಯ ಫೋನಿಗೆ ಉಳಿದಿದೆ. ಲೆಕ್ಕವನ್ನೂ ಅದರಲ್ಲಿ ಆಡಿ. ಶಾಲೆಯಲ್ಲಿ ‘ನೆಗೆಟಿವ್ ಇಂಟಿಜರ್’ ಎಂದು ಬರೆಯಲಿ, ತೊಂದರೆಯಿಲ್ಲ. ಮನೆಯಲ್ಲಿ ಸಾಲ, ಬಾಕಿ, ಮನ್ನಾ, ಕಳೆ, ತಿರುಗಿಸು ಎಂದು ಯೋಚಿಸಲಿ. ಈ ವಾರ ನಿಮ್ಮ ಮಗುವಿನ ನೋಟ್‌ಬುಕ್ಕಿನಲ್ಲಿ ಎರಡು ಮೈನಸ್ ಕಂಡರೆ ಉತ್ತರ ಹೇಳಬೇಡಿ. ಪಕ್ಕದಲ್ಲಿವೆಯೋ ಮೇಲಿವೆಯೋ ಎಂದು ಕೇಳಿ, ಸುಮ್ಮನೆ ಕಾಯಿರಿ.